ಅಪರೂಪದ ಪ್ರಯಾಣಿಕರಿಗೆ ಪ್ರಯಾಣದ ಕಾರ್ಡು: ನಾನು ಹಾಕಿದ ಲೆಕ್ಕ

ವರ್ಷಕ್ಕೆ ಒಂದೋ ಎರಡೋ ಬಾರಿ ಮಾತ್ರ ವಿಮಾನ ಹತ್ತುವವಳು ನಾನು. ಅದರಲ್ಲಿ ಒಂದು, ಹತ್ತಿರದವರನ್ನು ನೋಡಿಬರಲು ಬಹುತೇಕ ತಪ್ಪದೆ ಮಾಡುವ ಸಣ್ಣ ಪ್ರಯಾಣ. ಇನ್ನೊಂದು, ರಜೆ, ಆರೋಗ್ಯ, ಹಣ ಮೂರೂ ಕೂಡಿಬಂದಾಗ ಎರಡು ಮೂರು ವರ್ಷಕ್ಕೊಮ್ಮೆ ಆಗುವ ದೂರದ ಪ್ರಯಾಣ. ಹೀಗಿದ್ದೂ ಐದು ವರ್ಷಗಳ ಹಿಂದೆ ವಾರ್ಷಿಕ ಶುಲ್ಕ ಕಟ್ಟಿ, ಪ್ರಯಾಣದ ರಿವಾರ್ಡ್ ಪಾಯಿಂಟ್ ಕೊಡುವ ಕ್ರೆಡಿಟ್ ಕಾರ್ಡ್ ಒಂದನ್ನು ತೆಗೆದುಕೊಂಡೆ. ಆ ಕಾರ್ಡಿನಿಂದ ಬಂದದ್ದೆಷ್ಟು, ಅದಕ್ಕಾಗಿ ಹೋದದ್ದೆಷ್ಟು ಎಂಬುದನ್ನು ಹೋದ ತಿಂಗಳು ಹಳೆಯ ಸ್ಟೇಟ್‌ಮೆಂಟುಗಳನ್ನೆಲ್ಲ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ನನ್ನಂತೆ ಅಪರೂಪಕ್ಕೆ ಪ್ರಯಾಣ ಮಾಡುವವರು ಇಂಥ ಕಾರ್ಡನ್ನು ಆರಿಸಿಕೊಳ್ಳುವ ಮೊದಲು ಯಾವುದನ್ನು ನೋಡಬೇಕು ಎಂಬುದು ಆ ಲೆಕ್ಕದಿಂದ ನನಗೆ ಸ್ಪಷ್ಟವಾಯಿತು. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಈ ವ್ಯವಸ್ಥೆ ಯಾರಿಗಾಗಿ ಹುಟ್ಟಿಕೊಂಡಿತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಹಾರಿದ ಪ್ರಯಾಣಕ್ಕೆ ಮೈಲು ಎಂಬ ಅಂಕಗಳನ್ನು ಕೊಟ್ಟು ಅವುಗಳಿಂದ ಟಿಕೆಟ್ ಕೊಳ್ಳಲು ಬಿಡುವ ತನ್ನ ಅಡ್ವಾಂಟೇಜ್ ಯೋಜನೆಯನ್ನು ಆರಂಭಿಸಿದಾಗ, ಟಿಕೆಟ್ ಕಾಯ್ದಿರಿಸುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದ ದೂರವಾಣಿ ಸಂಖ್ಯೆಗಳನ್ನು ಹುಡುಕಿ, ಪದೇ ಪದೇ ಹಾರಾಡುವ ಗ್ರಾಹಕರನ್ನು ಗುರುತಿಸಿತ್ತು. ಆ ಗ್ರಾಹಕರು ಬೇರೆ ಸಂಸ್ಥೆಯತ್ತ ಹೋಗದಂತೆ ಹಿಡಿದಿಡುವುದೇ ಅದರ ಉದ್ದೇಶವಾಗಿತ್ತು. 1987ರಲ್ಲಿ ಸಿಟಿಬ್ಯಾಂಕ್ ಇದೇ ಯೋಜನೆಯ ಮೈಲುಗಳನ್ನು ಕೊಡುವ ಕಾರ್ಡನ್ನು ತಂದ ಮೇಲೆ, ವಿಮಾನ ಹತ್ತದೆಯೂ ಬರೀ ಖರ್ಚು ಮಾಡುತ್ತಲೇ ಮೈಲು ಗಳಿಸುವುದು ಸಾಧ್ಯವಾಯಿತು. ನಮ್ಮಂಥವರು ಈ ವ್ಯವಸ್ಥೆಯೊಳಗೆ ಬಂದದ್ದು ಆ ಬಾಗಿಲಿನಿಂದ. ಆದರೆ ಗಳಿಸುವ ದಾರಿ ಎಲ್ಲರಿಗೂ ತೆರೆದರೂ, ಬಳಸುವ ದಾರಿಯ ನಿಯಮಗಳು ಬಹುಮಟ್ಟಿಗೆ ಪದೇ ಪದೇ ಹಾರಾಡುವವರಿಗೆ ಒಗ್ಗುವಂತೆಯೇ ಉಳಿದಿವೆ. ವಾಯಿದೆ ಮೀರುವ ಮೈಲುಗಳು, ಮೈಲುಗಳಿಂದ ಕೊಳ್ಳಬಹುದಾದ ಆದರೆ ಬೇಗ ಮುಗಿದುಹೋಗುವ ರಿವಾರ್ಡ್ ಸೀಟುಗಳು, ವರ್ಷದೊಳಗೆ ಬಳಸಲೇಬೇಕಾದ ಕೂಪನ್ನುಗಳು: ತಿಂಗಳಿಗೊಮ್ಮೆ ಹಾರುವವರಿಗೆ ಇವು ಅಡ್ಡಿಯಾಗುವುದಿಲ್ಲ, ಮೂರು ವರ್ಷಕ್ಕೊಮ್ಮೆ ದೂರ ಹೋಗುವವರಿಗೆ ಇವೇ ಮುಖ್ಯ ಅಡ್ಡಿ.

ಆದ್ದರಿಂದ ಯಾವ ಕಾರ್ಡು ಹೆಚ್ಚು ಪಾಯಿಂಟ್ ಕೊಡುತ್ತದೆ ಎಂದು ಕೇಳುವುದಕ್ಕೆ ಮೊದಲು, ನನ್ನ ಮುಂದಿನ ಪ್ರಯಾಣ ಯಾವುದು ಮತ್ತು ಅದು ಎಷ್ಟು ದೂರದ ಕಾಲದಲ್ಲಿದೆ ಎಂದು ನಾವು ಕೇಳಿಕೊಳ್ಳಬೇಕು. ನಾನು ಆ ಪ್ರಶ್ನೆಯನ್ನು ಕೇಳಿಕೊಳ್ಳದೆ ಕಾರ್ಡು ತೆಗೆದುಕೊಂಡೆ. ಎರಡು ವರ್ಷ ಶ್ರದ್ಧೆಯಿಂದ ಪಾಯಿಂಟ್ ಕೂಡಿಸಿ, ದೂರದ ಪ್ರಯಾಣವೊಂದರ ಯೋಚನೆ ಮೊಳೆತ ಕೂಡಲೇ ಅವನ್ನೆಲ್ಲ ಒಂದು ವಿಮಾನ ಸಂಸ್ಥೆಯ ಖಾತೆಗೆ ಮೈಲುಗಳಾಗಿ ವರ್ಗಾಯಿಸಿಬಿಟ್ಟೆ. ಟಿಕೆಟ್ ಇನ್ನೂ ಕಾಯ್ದಿರಿಸಿರಲಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಕಾಯಿಲೆ ಬಂದು ಪ್ರಯಾಣ ಮುಂದಕ್ಕೆ ಹೋಯಿತು, ಒಂದು ವರ್ಷವಲ್ಲ, ಮೂರು ವರ್ಷ. ಆ ಅವಧಿಯಲ್ಲಿ ನಾನು ನೋಡಿಟ್ಟಿದ್ದ ಮಾರ್ಗಕ್ಕೆ ಬೇಕಾಗುವ ಮೈಲುಗಳ ಸಂಖ್ಯೆ ಏರಿತು, ನನ್ನ ಮೈಲುಗಳಲ್ಲಿ ಬಹುಪಾಲು ವಾಯಿದೆ ಮುಗಿದು ಅಳಿದುಹೋದವು. ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂಬ ಮಾತಿಗೆ ನನ್ನ ಖಾತೆಯೇ ಉದಾಹರಣೆಯಾಗಿತ್ತು. ಬ್ಯಾಂಕಿನ ಪಾಯಿಂಟುಗಳನ್ನು ಒಮ್ಮೆ ವಿಮಾನ ಸಂಸ್ಥೆಗೆ ವರ್ಗಾಯಿಸಿದರೆ ಸಾಮಾನ್ಯವಾಗಿ ಅವು ಮತ್ತೆ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಸೀಟು ಕಣ್ಣಿಗೆ ಕಂಡು, ತಾರೀಖು ಗಟ್ಟಿಯಾದ ಮೇಲಷ್ಟೇ ವರ್ಗಾಯಿಸಬೇಕು ಎಂಬ ನಿಯಮವನ್ನು ನಾನು ಈಗ ಮುರಿಯುವುದಿಲ್ಲ.

ವಾಯಿದೆಯ ನಿಯಮ ಎಲ್ಲ ಕಡೆಯೂ ಒಂದೇ ಅಲ್ಲ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಯೋಜನೆಯ ಮೈಲುಗಳು ಗಳಿಸಿದ ಮೂರು ವರ್ಷಗಳಿಗೆ ಮುಗಿಯುತ್ತವೆ; ನಡುವೆ ನೀವು ಖಾತೆಯನ್ನು ಬಳಸಿದರೂ ಹಳೆಯ ಮೈಲುಗಳ ಆಯುಸ್ಸು ತಾನಾಗಿ ಹೆಚ್ಚುವುದಿಲ್ಲ. ಅಮೆರಿಕನ್ ಏರ್‌ಲೈನ್ಸ್‌ನದು ಬೇರೆ ಬಗೆ: ಖಾತೆಯಲ್ಲಿ 24 ತಿಂಗಳು ಯಾವ ಚಟುವಟಿಕೆಯೂ ಇಲ್ಲದಿದ್ದರೆ ಮಾತ್ರ ಮೈಲು ಹೋಗುತ್ತದೆ, ಒಂದಿಷ್ಟು ಗಳಿಸಿದರೂ ಅಥವಾ ಬಳಸಿದರೂ ಗಡುವು ಮುಂದಕ್ಕೆ ಸರಿಯುತ್ತದೆ. ಡೆಲ್ಟಾ ಮತ್ತು ಯುನೈಟೆಡ್ ಸಂಸ್ಥೆಗಳ ಮೈಲುಗಳಿಗೆ ವಾಯಿದೆಯೇ ಇಲ್ಲ. ಅಪರೂಪಕ್ಕೆ ಹಾರುವವರ ಪಾಲಿಗೆ ಈ ಮೂರು ಬಗೆಗಳ ನಡುವಿನ ಅಂತರವು, ನೂರಕ್ಕೆ ಒಂದು ಪಾಯಿಂಟ್ ಬರುತ್ತದೆಯೋ ಎರಡು ಬರುತ್ತದೆಯೋ ಎಂಬ ಅಂತರಕ್ಕಿಂತ ದೊಡ್ಡದು. ಹಾಗೆಂದು ವಾಯಿದೆಯಿಲ್ಲದ ಮೈಲುಗಳು ಚಿನ್ನದಂತೆ ಇಟ್ಟಲ್ಲೇ ಬೆಲೆ ಉಳಿಸಿಕೊಳ್ಳುತ್ತವೆ ಎಂದುಕೊಳ್ಳಬಾರದು. ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ, ಯಾವ ಪ್ರಯಾಣಕ್ಕೆ ಎಷ್ಟು ಮೈಲು ಬೇಕು ಎಂದು ಮೊದಲೇ ತಿಳಿಸುತ್ತಿದ್ದ ಪಟ್ಟಿಯನ್ನು ಕೈಬಿಟ್ಟು, ಬೇಡಿಕೆಗೆ ತಕ್ಕಂತೆ ಏರಿಳಿಯುವ ದರವನ್ನು ತಂದವು. ಪಟ್ಟಿ ಇಲ್ಲದಿದ್ದರೆ ಗುರಿಯೂ ಇಲ್ಲ. ನಾವು ಇಂತಿಷ್ಟು ಕೂಡಿಸಿದರೆ ಸಾಕು ಎಂದು ಹೇಳಿಕೊಳ್ಳುವಂತಿಲ್ಲ, ಏಕೆಂದರೆ ನಾವು ಹತ್ತಿರ ಹೋದಷ್ಟೂ ಗುರಿ ದೂರ ಸರಿಯಬಹುದು. ಇನ್ನು ಸಂಸ್ಥೆಯೇ ಮುಳುಗುವ ಸಂಭವವೂ ಇದೆ. 2017ರ ಆಗಸ್ಟ್‌ನಲ್ಲಿ ಜರ್ಮನಿಯ ಏರ್ ಬರ್ಲಿನ್ ದಿವಾಳಿಯಾದಾಗ ಅದರ ಟಾಪ್‌ಬೋನಸ್ ಯೋಜನೆಯೂ ದಿವಾಳಿ ಅರ್ಜಿ ಹಾಕಿತು, ಪ್ರಯಾಣಿಕರು ಕೂಡಿಸಿಟ್ಟಿದ್ದ ಮೈಲುಗಳಿಂದ ಟಿಕೆಟ್ ಕೊಳ್ಳುವುದು ನಿಂತುಹೋಯಿತು. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಬಡ್ಡಿ ಬರುತ್ತದೆ. ಖಾತೆಯಲ್ಲಿಟ್ಟ ಮೈಲಿಗೆ ಬಡ್ಡಿಯಿಲ್ಲ, ಸವಕಳಿ ಮಾತ್ರ ಇದೆ.

ಈಗ ಪಾಯಿಂಟಿನ ಬೆಲೆಯ ವಿಚಾರ. ಪಾಯಿಂಟುಗಳ ಸಂಖ್ಯೆ ನೋಡಿ ಕಾರ್ಡುಗಳನ್ನು ಹೋಲಿಸುವುದು ಬೇರೆ ಬೇರೆ ದೇಶಗಳ ನಾಣ್ಯಗಳನ್ನು ಬರೀ ಎಣಿಸಿ ಹೋಲಿಸಿದಂತೆ. ಒಂದೊಂದರ ಬೆಲೆ ಏನೆಂದು ತಿಳಿಯದೆ ಎಣಿಕೆಗೆ ಅರ್ಥವಿಲ್ಲ. ಬೆಲೆ ಕಂಡುಹಿಡಿಯುವ ಕ್ರಮ ಸುಲಭವಾಗಿದೆ. ನೀವು ನಿಜವಾಗಿ ಹೋಗಲಿರುವ ಒಂದು ಪ್ರಯಾಣವನ್ನು ಆರಿಸಿಕೊಳ್ಳಿ. ಅದರ ಟಿಕೆಟ್ಟಿಗೆ ನಗದಾಗಿ 9,000 ಆಗುತ್ತದೆ ಎನ್ನೋಣ. ಯಾವ ದೇಶದ ಹಣವಾದರೂ ಸರಿ, ಲೆಕ್ಕ ಒಂದೇ. ಅದೇ ಟಿಕೆಟ್ಟನ್ನು ಪಾಯಿಂಟಿನಿಂದ ಕೊಂಡರೆ 15,000 ಪಾಯಿಂಟುಗಳ ಜೊತೆಗೆ ತೆರಿಗೆ ಮತ್ತು ಇತರ ಶುಲ್ಕವೆಂದು 1,500 ನಗದು ಕೊಡಬೇಕಾಗಿದ್ದರೆ, 9,000ದಿಂದ 1,500 ಕಳೆದು ಉಳಿದ 7,500ನ್ನು 15,000ದಿಂದ ಭಾಗಿಸಬೇಕು. ಒಂದು ಪಾಯಿಂಟಿನ ಬೆಲೆ 0.50 ಎಂದಾಯಿತು. ಖರ್ಚಿನ ಪ್ರತಿ 100ಕ್ಕೆ ಆ ಕಾರ್ಡು ಎರಡು ಪಾಯಿಂಟ್ ಕೊಡುತ್ತಿದ್ದರೆ, ನಿಮಗೆ ಮರಳುವುದು ನೂರಕ್ಕೆ ಎರಡಲ್ಲ, ಒಂದೇ. ಜಾಹೀರಾತಿನಲ್ಲಿ ಪಾಯಿಂಟುಗಳ ಎಣಿಕೆಯಷ್ಟೇ ದೊಡ್ಡ ಅಕ್ಷರದಲ್ಲಿರುತ್ತದೆ. ಈ ಭಾಗಾಕಾರವನ್ನು ನಾವೇ ಮಾಡಿಕೊಳ್ಳಬೇಕು.

ಇದರಲ್ಲಿ ಎರಡು ಕಡೆ ಎಡವುವುದುಂಟು. ಒಂದು, ಕೆಲವು ವಿಮಾನ ಸಂಸ್ಥೆಗಳು ಪಾಯಿಂಟಿನ ಟಿಕೆಟ್ಟಿನ ಮೇಲೂ ಇಂಧನದ ಹೆಸರಿನಲ್ಲಿ ಸರ್‌ಚಾರ್ಜ್ ಹಾಕುತ್ತವೆ. ದೂರದ ಮಾರ್ಗಗಳಲ್ಲಿ ಈ ಮೊತ್ತ ದೊಡ್ಡದಾಗಿ, ಉಚಿತ ಟಿಕೆಟ್ ಎಂಬ ಮಾತು ಹೆಸರಿಗಷ್ಟೇ ಉಳಿಯುತ್ತದೆ. ಇನ್ನೊಂದು, ಬಿಸಿನೆಸ್ ದರ್ಜೆಯ ಟಿಕೆಟ್ಟನ್ನು ಇಟ್ಟುಕೊಂಡು ಪಾಯಿಂಟಿನ ಬೆಲೆ ಕಟ್ಟುವುದು. ಆ ದರ್ಜೆಯ ನಗದು ಬೆಲೆ ಬಹಳ ಹೆಚ್ಚಿರುವುದರಿಂದ ಭಾಗಾಕಾರದ ಉತ್ತರ ಬಹಳ ಚೆನ್ನಾಗಿ ಬರುತ್ತದೆ. ಆದರೆ ನಾನು ಕೈಯಿಂದ ಹಣ ಕೊಟ್ಟು ಎಂದೂ ಕೊಳ್ಳದ ಟಿಕೆಟ್ಟಿನ ಬೆಲೆಯನ್ನು ನನ್ನ ಉಳಿತಾಯವೆಂದು ಬರೆದುಕೊಳ್ಳುವುದು ಸರಿಯಾದ ಲೆಕ್ಕವಲ್ಲ. ಆ ಸುಖಕ್ಕೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹದಿನಾಲ್ಕು ಗಂಟೆ ಹಾರಬೇಕಾದಾಗ ಕಾಲು ಚಾಚಿ ಮಲಗುವ ಸೀಟು ದೊಡ್ಡ ಉಪಕಾರ. ಆದರೆ ಅದಕ್ಕೆ ನಾನು ನಿಜವಾಗಿ ಎಷ್ಟು ಕೊಡಲು ಸಿದ್ಧಳಿದ್ದೇನೋ ಅಷ್ಟನ್ನೇ ಅದರ ಬೆಲೆಯಾಗಿ ಹಿಡಿಯಬೇಕು.

ವಾರ್ಷಿಕ ಶುಲ್ಕದ ಪ್ರಶ್ನೆಗೆ ಉತ್ತರ ಸಿಗುವುದು ಇದಾದ ಮೇಲೆಯೇ. ಹೋಲಿಕೆಗೆ ಒಂದು ಅಳತೆಗೋಲು ಬೇಕು, ಮತ್ತು ಆ ಅಳತೆಗೋಲು ಶುಲ್ಕವಿಲ್ಲದ ಕ್ಯಾಶ್‌ಬ್ಯಾಕ್ ಕಾರ್ಡು ಎಂಬುದು ನನ್ನ ಅಭಿಪ್ರಾಯ. ಅಂಥ ಕಾರ್ಡು ಖರ್ಚಿನ ಶೇ. 1.5ರಷ್ಟನ್ನು ನಗದಾಗಿ ಮರಳಿಸುತ್ತದೆ ಎಂದುಕೊಳ್ಳಿ. ಪ್ರಯಾಣದ ಕಾರ್ಡಿನಲ್ಲಿ, ಮೇಲಿನ ಕ್ರಮದಿಂದ ಬೆಲೆ ಕಟ್ಟಿದ ಮೇಲೆ, ಶೇ. 2.5 ಮರಳುತ್ತದೆ, ಆದರೆ ವರ್ಷಕ್ಕೆ 3,000 ಶುಲ್ಕವಿದೆ ಎನ್ನೋಣ. ಎರಡರ ನಡುವಿನ ಲಾಭದ ಅಂತರ ಶೇ. 1. ಹಾಗಾದರೆ 3,000ದ ಶುಲ್ಕವನ್ನು ಬರೀ ಸರಿದೂಗಿಸಲು ವರ್ಷಕ್ಕೆ 3,00,000 ಖರ್ಚು ಆ ಕಾರ್ಡಿನ ಮೇಲೆಯೇ ಆಗಬೇಕು. ನಿಮ್ಮ ಖರ್ಚು 4,00,000 ಆಗಿದ್ದರೆ ವರ್ಷದ ಕೊನೆಗೆ ನಿಮ್ಮ ನಿಜವಾದ ಲಾಭ 1,000 ಮಾತ್ರ. ಈ ನಡುವೆ ಪಾಯಿಂಟಿನ ಬೆಲೆ ಐದರಲ್ಲಿ ಒಂದು ಭಾಗ ಕುಸಿದರೆ, ಶೇ. 2.5 ಇದ್ದದ್ದು ಶೇ. 2ಕ್ಕೆ ಇಳಿಯುತ್ತದೆ, ಅಂತರ ಅರ್ಧ ಪ್ರತಿಶತವಾಗುತ್ತದೆ, ಅದೇ 4,00,000ದ ಖರ್ಚಿನ ಮೇಲೆ 1,000 ಲಾಭದ ಬದಲು 1,000 ನಷ್ಟವಾಗುತ್ತದೆ. ನಾನು ಈ ಲೆಕ್ಕವನ್ನು ನನ್ನದೇ ಅಂಕಿಗಳನ್ನಿಟ್ಟು ಮಾಡಿದಾಗ, ಐದು ವರ್ಷಗಳಲ್ಲಿ ಎರಡು ವರ್ಷ ಮಾತ್ರ ಆ ಕಾರ್ಡು ತನ್ನ ಶುಲ್ಕವನ್ನು ತಾನು ದುಡಿದಿತ್ತು, ಮತ್ತು ಅದರಲ್ಲಿ ಒಂದು ವರ್ಷ, ಹೊಸದಾಗಿ ಕಾರ್ಡು ತೆಗೆದುಕೊಂಡವರಿಗೆ ಕೊಡುವ ವೆಲ್‌ಕಮ್ ಬೋನಸ್ ಬಂದ ವರ್ಷವಾಗಿತ್ತು.

ಆ ವೆಲ್‌ಕಮ್ ಬೋನಸ್ ಬಗ್ಗೆ ನನ್ನ ನಿಲುವು ಸ್ವಲ್ಪ ಬೇರೆ. ಅದನ್ನು ಬರೀ ಆಮಿಷವೆಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ವರ್ಷಪೂರ್ತಿ ಖರ್ಚು ಮಾಡಿ ಗಳಿಸುವ ಪಾಯಿಂಟುಗಳಿಗಿಂತ ಹೆಚ್ಚಿನ ಪಾಯಿಂಟುಗಳು ಮೊದಲ ಕೆಲವು ತಿಂಗಳಲ್ಲೇ ಒಟ್ಟಿಗೆ ಬರುವುದರಿಂದ, ಪ್ರಯಾಣ ಹತ್ತಿರದಲ್ಲಿರುವವರಿಗೆ ಅದು ನಿಜವಾಗಿ ಉಪಯುಕ್ತ. ಆದರೆ ಅದಕ್ಕೊಂದು ಕಾಲವಿದೆ: ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಬೇಕೆಂಬ ಷರತ್ತಿರುತ್ತದೆ. ವಿಮೆಯ ಕಂತು, ಶಾಲೆಯ ಶುಲ್ಕ, ಮನೆಗೆ ಬೇಕಾದ ದೊಡ್ಡ ವಸ್ತು ಹೀಗೆ ಹೇಗಿದ್ದರೂ ಆಗಲೇಬೇಕಾದ ಖರ್ಚುಗಳು ಬರುವ ತಿಂಗಳುಗಳಿಗೆ ಸರಿಯಾಗಿ ಅರ್ಜಿ ಹಾಕಿದರೆ, ಷರತ್ತು ತಾನಾಗಿ ಪೂರೈಸುತ್ತದೆ. ಯಾವ ಖರ್ಚುಗಳು ಲೆಕ್ಕಕ್ಕೆ ಬರುವುದಿಲ್ಲ ಎಂಬ ಪಟ್ಟಿಯನ್ನು ಮೊದಲೇ ಓದಿರಬೇಕು, ಏಕೆಂದರೆ ಬಾಡಿಗೆ, ತೆರಿಗೆ ಪಾವತಿ, ವ್ಯಾಲೆಟ್‌ಗೆ ಹಣ ತುಂಬುವುದು ಮುಂತಾದವನ್ನು ಅನೇಕ ಕಾರ್ಡುಗಳು ಹೊರಗಿಡುತ್ತವೆ. ಷರತ್ತು ಪೂರೈಸಲೆಂದೇ ಬೇಡದ್ದನ್ನು ಕೊಂಡರೆ, ಬೋನಸ್ಸಿನ ಹಣವನ್ನು ನಾವೇ ಕೈಯಿಂದ ಕೊಟ್ಟಂತಾಗುತ್ತದೆ.

ಇದೇ ರೀತಿ, ಪ್ರಯಾಣದ ಖರ್ಚಿಗೆ ಮೂರು ಪಟ್ಟು, ಐದು ಪಟ್ಟು ಪಾಯಿಂಟ್ ಎಂಬ ಕೊಡುಗೆಯನ್ನೂ ನಿಧಾನವಾಗಿ ನೋಡಬೇಕು. ಯಾವ ಖರ್ಚು ಪ್ರಯಾಣದ್ದು ಎಂಬುದು ನಿರ್ಧಾರವಾಗುವುದು, ಪ್ರತಿ ವ್ಯಾಪಾರಿಗೂ ಕಾರ್ಡಿನ ಜಾಲದ (ವೀಸಾ, ಮಾಸ್ಟರ್‌ಕಾರ್ಡ್‌ನಂಥ ಸಂಸ್ಥೆಯ) ಪಟ್ಟಿಯಂತೆ ಕೊಟ್ಟಿರುವ ನಾಲ್ಕಂಕಿಯ ಸಂಕೇತದಿಂದ. ವಿಮಾನ ಸಂಸ್ಥೆಗಳಿಗೆ 4511, ಟ್ರಾವೆಲ್ ಏಜೆನ್ಸಿಗಳಿಗೆ 4722, ಹೋಟೆಲುಗಳಿಗೆ 7011 ಎಂಬಂತೆ ಸಂಕೇತಗಳಿವೆ. ದೊಡ್ಡ ವಿಮಾನ ಸಂಸ್ಥೆಗಳಿಗೂ ಹೋಟೆಲ್ ಸರಣಿಗಳಿಗೂ ತಮ್ಮದೇ ಪ್ರತ್ಯೇಕ ಸಂಕೇತಗಳೂ ಇವೆ. ಹೋಟೆಲಿನ ಕೋಣೆಯನ್ನು ಬುಕಿಂಗ್ ತಾಣದ ಮೂಲಕ ಕಾಯ್ದಿರಿಸಿದರೆ ಅದು ಹೋಟೆಲಿನ ಸಂಕೇತದಡಿ ಬರದೆ ಏಜೆನ್ಸಿಯ ಸಂಕೇತದಡಿ ಬರಬಹುದು, ಆಗ ಹೆಚ್ಚುವರಿ ಪಾಯಿಂಟ್ ಸಿಗದೆಯೂ ಹೋಗಬಹುದು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಅಪರೂಪಕ್ಕೆ ಪ್ರಯಾಣ ಮಾಡುವವರ ವರ್ಷದ ಖರ್ಚಿನಲ್ಲಿ ಪ್ರಯಾಣದ ಪಾಲು ಸಣ್ಣದು. ನನ್ನ ಸ್ಟೇಟ್‌ಮೆಂಟುಗಳಲ್ಲಿ ಅದು ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ದಿನಸಿ, ಔಷಧಿ, ಫೋನ್ ಮತ್ತು ವಿದ್ಯುತ್ ಬಿಲ್ಲುಗಳೇ ಬಹುಪಾಲು. ಹತ್ತರಲ್ಲಿ ಒಂದು ಪಾಲಿನ ಮೇಲೆ ಐದು ಪಟ್ಟು ಕೊಟ್ಟು, ಉಳಿದ ಒಂಬತ್ತು ಪಾಲಿನ ಮೇಲೆ ಕಡಿಮೆ ಕೊಡುವ ಕಾರ್ಡಿಗಿಂತ, ದಿನನಿತ್ಯದ ಖರ್ಚಿನ ಮೇಲೆ ಚೆನ್ನಾಗಿ ಕೊಡುವ ಕಾರ್ಡೇ ನನ್ನನ್ನು ಹೆಚ್ಚು ಬೇಗ ಊರಿಂದಾಚೆಗೆ ಕರೆದೊಯ್ಯುತ್ತದೆ.

ಕಾರ್ಡಿನೊಂದಿಗೆ ಸಿಗುವ ಲೌಂಜ್ ಪ್ರವೇಶದ, ಎಂದರೆ ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯ ಪ್ರವೇಶದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವರ್ಷಕ್ಕೆ ನಾಲ್ಕು ಬಾರಿ ವಿಮಾನ ನಿಲ್ದಾಣದಲ್ಲಿ ಎರಡು ಗಂಟೆ ಕೂರುವವರು, ಆ ಎಂಟು ಗಂಟೆಗಳ ಕುರ್ಚಿಗೂ ಊಟಕ್ಕೂ ಕೈಯಿಂದ ಎಷ್ಟು ಕೊಡುತ್ತಿದ್ದರು ಎಂದು ಕೇಳಿಕೊಂಡರೆ ಸಾಕು. ಹೋಟೆಲ್ ವೋಚರುಗಳಿಗೂ ಇದೇ ಪ್ರಶ್ನೆ.

ಆದರೆ ವಿದೇಶಕ್ಕೆ ಹೋಗುವವರು ಕಡೆಗಣಿಸಬಾರದ ಒಂದು ಅಂಶವಿದೆ, ಅದು ವಿದೇಶಿ ವಹಿವಾಟಿನ ಶುಲ್ಕ. ಬೇರೆ ದೇಶದ ಹಣದಲ್ಲಿ ಖರ್ಚು ಮಾಡಿದಾಗ ಅನೇಕ ಕಾರ್ಡುಗಳು ಶೇ. 3ರ ಆಸುಪಾಸಿನಲ್ಲಿ ಹೆಚ್ಚುವರಿ ಹಿಡಿಯುತ್ತವೆ. ನೂರಕ್ಕೆ ಎರಡರ ಬೆಲೆಯ ಪಾಯಿಂಟ್ ಕೊಟ್ಟು ಮೂರು ಹಿಡಿದರೆ, ಪ್ರಯಾಣದ ಕಾರ್ಡು ಪ್ರಯಾಣದಲ್ಲೇ ನಷ್ಟ ಮಾಡಿದಂತಾಯಿತು. ಈ ಶುಲ್ಕವಿಲ್ಲದ, ಪಾಯಿಂಟನ್ನೇ ಕೊಡದ ಸರಳ ಕಾರ್ಡೊಂದು ಜೊತೆಗಿದ್ದರೆ ಎಷ್ಟೋ ಮೇಲು. ಅಂಗಡಿಯಲ್ಲಿ ಅಥವಾ ಹೋಟೆಲಿನಲ್ಲಿ ಕಾರ್ಡು ಉಜ್ಜುವ ಯಂತ್ರವು, ನಿಮ್ಮ ದೇಶದ ಹಣದಲ್ಲಿ ಪಾವತಿಸುವಿರಾ, ಈ ದೇಶದ ಹಣದಲ್ಲಿ ಪಾವತಿಸುವಿರಾ ಎಂದು ಕೇಳಿದಾಗ, ಆ ದೇಶದ ಹಣವನ್ನೇ ಆರಿಸಿಕೊಳ್ಳಬೇಕು. ನಮ್ಮ ಹಣವನ್ನು ಆರಿಸಿಕೊಂಡರೆ ವಿನಿಮಯ ದರವನ್ನು ಆ ಯಂತ್ರದ ಹಿಂದಿರುವ ಸಂಸ್ಥೆ ನಿಗದಿ ಮಾಡುತ್ತದೆ, ಮತ್ತು ಅದು ಸಾಮಾನ್ಯವಾಗಿ ಕಾರ್ಡಿನ ಜಾಲದ ದರಕ್ಕಿಂತ ದುಬಾರಿಯಾಗಿರುತ್ತದೆ. ನಾನು ಮೊದಲ ದೂರದ ಪ್ರಯಾಣದಲ್ಲಿ ಪರಿಚಿತ ಅಂಕಿ ಕಂಡು ಸಮಾಧಾನವಾಗಿ ಪ್ರತಿ ಬಾರಿಯೂ ನಮ್ಮ ಹಣವನ್ನೇ ಒತ್ತಿದ್ದೆ.

ಕಾರ್ಡಿನೊಂದಿಗೆ ಬರುವ ಪ್ರಯಾಣ ವಿಮೆಯನ್ನೂ ಓದಿ ನೋಡಿ. ಬಹಳಷ್ಟು ಕಾರ್ಡುಗಳಲ್ಲಿ ಟಿಕೆಟ್ಟಿನ ಹಣವನ್ನು ಅದೇ ಕಾರ್ಡಿನಿಂದ ಕೊಟ್ಟಿದ್ದರೆ ಮಾತ್ರ ವಿಮೆ ಅನ್ವಯಿಸುತ್ತದೆ. ಪಾಯಿಂಟಿನಿಂದ ಕೊಂಡ ಟಿಕೆಟ್ಟಿಗೆ ರಕ್ಷಣೆ ಇದೆಯೇ, ಲಗೇಜು ತಡವಾಗಿ ಬಂದರೆ ಎಷ್ಟು ಗಂಟೆಯ ನಂತರ ಪರಿಹಾರ, ಆಸ್ಪತ್ರೆಯ ಖರ್ಚು ಸೇರಿದೆಯೇ ಅಥವಾ ಅಪಘಾತ ಮಾತ್ರವೇ ಎಂಬುದು ನಿಬಂಧನೆಗಳಲ್ಲಿ ಬರೆದಿರುತ್ತದೆ. ಮನೆಯ ಹಿರಿಯರ ಕಾಯಿಲೆಯಿಂದ ಪ್ರಯಾಣವೊಂದನ್ನು ಕೈಬಿಟ್ಟಿದ್ದ ನಾನು ಈ ಭಾಗವನ್ನು ಈಗ ಎಲ್ಲಕ್ಕಿಂತ ಮೊದಲು ಓದುತ್ತೇನೆ.

ಇಷ್ಟೆಲ್ಲ ಲೆಕ್ಕಕ್ಕೂ ಒಂದು ಆಧಾರವಿದೆ: ಪ್ರತಿ ತಿಂಗಳ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುವುದು. ಬಿಲ್ಲಿನಲ್ಲಿ ಕಾಣಿಸುವ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಬಾಕಿಗೆ ಬಡ್ಡಿ ಬೀಳುವುದಲ್ಲದೆ, ಹೊಸ ಖರ್ಚುಗಳಿಗೆ ಸಿಗುತ್ತಿದ್ದ ಬಡ್ಡಿರಹಿತ ಅವಧಿಯೂ ಸಾಮಾನ್ಯವಾಗಿ ತಪ್ಪುತ್ತದೆ. ಕಾರ್ಡಿನ ಬಡ್ಡಿ ಅನೇಕ ದೇಶಗಳಲ್ಲಿ ವರ್ಷಕ್ಕೆ ಶೇ. 20ನ್ನು ದಾಟುತ್ತದೆ. ಯಾವ ಪಾಯಿಂಟೂ ಅದನ್ನು ತುಂಬಿಕೊಡಲಾರದು. ಬಾಕಿ ಉಳಿಸಿಕೊಳ್ಳುವ ಅನಿವಾರ್ಯ ಇರುವವರಿಗೆ ಕಡಿಮೆ ಬಡ್ಡಿಯ ಕಾರ್ಡೇ ಸರಿ. ರಿವಾರ್ಡಿನ ವಿಚಾರ ಬಾಕಿ ತೀರಿದ ಮೇಲೆ.

ಪಾಯಿಂಟಿನ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿದಿದ್ದರೆ ಒಳ್ಳೆಯದು. ಕಾರ್ಡು ಉಜ್ಜಿದಾಗಲೆಲ್ಲ ವ್ಯಾಪಾರಿ ಕೊಡುವ ಶುಲ್ಕದಲ್ಲಿ ಒಂದು ಪಾಲು ನಮ್ಮ ಬ್ಯಾಂಕಿಗೆ ಬರುತ್ತದೆ, ಅದರಿಂದ ಬ್ಯಾಂಕು ವಿಮಾನ ಸಂಸ್ಥೆಗಳಿಂದ ಮೈಲುಗಳನ್ನು ಸಗಟಾಗಿ ಕೊಳ್ಳುತ್ತದೆ. ಐರೋಪ್ಯ ಒಕ್ಕೂಟ 2015ರ ನಿಯಮದ ಮೂಲಕ ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡಿನ ಆ ಪಾಲಿಗೆ ಖರ್ಚಿನ ಮೊತ್ತದ ಶೇ. 0.3ರ ಮಿತಿ ಹಾಕಿದೆ, ಹಾಗಾಗಿ ಅಲ್ಲಿನ ಕಾರ್ಡುಗಳಲ್ಲಿ ಅಮೆರಿಕದಷ್ಟು ಉದಾರ ಪಾಯಿಂಟುಗಳು ಕಾಣುವುದಿಲ್ಲ. ಒಂದು ದೇಶದಲ್ಲಿ ಹೊಗಳಿಸಿಕೊಂಡ ಕಾರ್ಡು ಇನ್ನೊಂದು ದೇಶದಲ್ಲಿ ಅದೇ ಹೆಸರಿನಲ್ಲಿದ್ದರೂ ಅದೇ ಕಾರ್ಡಾಗಿರುವುದಿಲ್ಲ. ಆದ್ದರಿಂದ ಬೇರೆ ದೇಶದವರ ಸಲಹೆಯನ್ನು ಓದಿ ಅರ್ಜಿ ಹಾಕದೆ, ನಿಮ್ಮ ಬ್ಯಾಂಕಿನ ನಿಬಂಧನೆಗಳನ್ನೇ ಓದಬೇಕು.

ನಾನು ಈಗ ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ದಿನದ ಖರ್ಚಿಗೆಲ್ಲ ಶುಲ್ಕವಿಲ್ಲದ ಕ್ಯಾಶ್‌ಬ್ಯಾಕ್ ಕಾರ್ಡು. ಅದರಿಂದ ಮರಳುವ ಹಣವನ್ನು ಪ್ರಯಾಣಕ್ಕೆಂದೇ ತೆರೆದ ಉಳಿತಾಯ ಖಾತೆಗೆ ಹಾಕುತ್ತೇನೆ. ಆ ಹಣಕ್ಕೆ ವಾಯಿದೆಯಿಲ್ಲ, ಯಾವ ವಿಮಾನದಲ್ಲಾದರೂ, ರೈಲಿನಲ್ಲಾದರೂ ಅದು ನಡೆಯುತ್ತದೆ, ಪ್ರಯಾಣ ಮುಂದಕ್ಕೆ ಹೋದರೆ ಅದು ಕಾಯುತ್ತದೆ. ವಿದೇಶಕ್ಕೆ ಹೋದಾಗಲಷ್ಟೇ ಹೊರತೆಗೆಯಲು ವಿದೇಶಿ ವಹಿವಾಟಿನ ಶುಲ್ಕವಿಲ್ಲದ ಇನ್ನೊಂದು ಕಾರ್ಡಿದೆ. ದೂರದ ಪ್ರಯಾಣದ ತಾರೀಖು ಗಟ್ಟಿಯಾಗಿ, ಅದಕ್ಕೆ ಹತ್ತು ಹನ್ನೆರಡು ತಿಂಗಳಿರುವಾಗ ಮಾತ್ರ, ಆ ಮಾರ್ಗದಲ್ಲಿ ಹಾರುವ ಸಂಸ್ಥೆಗೆ ಪಾಯಿಂಟ್ ವರ್ಗಾಯಿಸಬಲ್ಲ ಕಾರ್ಡೊಂದನ್ನು ವೆಲ್‌ಕಮ್ ಬೋನಸ್ಸಿಗಾಗಿ ತೆಗೆದುಕೊಳ್ಳುವುದೆಂದು ನಿಶ್ಚಯಿಸಿದ್ದೇನೆ.

ಹಳೆಯ ಕಾರ್ಡಿನ ನವೀಕರಣಕ್ಕೆ ಇನ್ನು ಏಳು ವಾರಗಳಿವೆ. ಅದರಲ್ಲಿ ಉಳಿದಿರುವ ಪಾಯಿಂಟುಗಳನ್ನು ಈ ವರ್ಷದ ಸಣ್ಣ ಪ್ರಯಾಣದ ಟಿಕೆಟ್ಟಿಗೆ ಬಳಸಿ ಮುಗಿಸುತ್ತೇನೆ, ಏಕೆಂದರೆ ಕಾರ್ಡು ಮುಚ್ಚಿದರೆ ಬ್ಯಾಂಕಿನಲ್ಲಿರುವ ಪಾಯಿಂಟುಗಳೂ ಹೋಗುತ್ತವೆ ಎಂದು ನಿಬಂಧನೆಗಳಲ್ಲಿದೆ. ಅದಾದ ಮೇಲೆ ಬ್ಯಾಂಕಿಗೆ ಫೋನು ಮಾಡಿ, ಅದೇ ಖಾತೆಯನ್ನು ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿಕೊಡುವಿರಾ ಎಂದು ಕೇಳುವೆನು. ಹಳೆಯ ಖಾತೆ ಮುಚ್ಚದೆ ಉಳಿದರೆ ಸಾಲದ ಇತಿಹಾಸಕ್ಕೂ ಒಳ್ಳೆಯದು. ಒಪ್ಪದಿದ್ದರೆ ಶುಲ್ಕ ಬೀಳುವ ದಿನಕ್ಕೆ ಮೊದಲೇ ಮುಚ್ಚಿಸಿ, ಮುಚ್ಚಿದ್ದಕ್ಕೆ ಬರಹದ ದೃಢೀಕರಣ ಪಡೆಯುವೆನು. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.